‘ಜಿಗಿ’ ಎಂದ ದಿನ

ಇವತ್ತು ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಮೇಕೆಗಳ ಹಿಂಡೊಂದು ಹಾದುಹೋಯಿತು. ಹೋತದ ಘಾಟು ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಹಾಗೆಯೇ... ಮೊದಲು ವಾಸನೆ, ಆಮೇಲೆ ಬಂಡೆ, ಆಮೇಲೆ ಅವರು.

ಡಿಗ್ರಿ ಮುಗಿಸಿ ಮುಳಬಾಗಿಲು ಕಡೆಯ ಈ ಹಳ್ಳಿಯ ಶಾಲೆಗೆ ಸೇರಿದಾಗ ನನಗೆ ಕೆಲಸ ಕಲಿಸಿದವರು ಇಲ್ಲಿದ್ದ ಹಿರಿಯ ಟೀಚರ್. ಮಕ್ಕಳ ಮನೆಮಾತು ತೆಲುಗು, ಪಾಠ ಕನ್ನಡದಲ್ಲಿ. ಪದಗಳ ಅರ್ಥವನ್ನು ಅವರು ಬೋರ್ಡಿನ ಮೇಲೆ ಬರೆಯುತ್ತಿರಲಿಲ್ಲ, ಮಾಡಿಸುತ್ತಿದ್ದರು. ಮನೆಯ ತೆಲುಗಿನಲ್ಲಿ ‘ದೂಕು’ ಎನ್ನುವ ಒಂದೇ ಮಾತಿಗೆ ಕನ್ನಡದಲ್ಲಿ ಎರಡು ದಾರಿ ಎನ್ನುತ್ತಿದ್ದರು. ಅಂಗಳದಲ್ಲಿ ಗೀಟೆಳೆದು ಆಚೆ ದಾಟಿದರೆ ‘ಜಿಗಿ’, ಜಗಲಿಯಿಂದ ಕೆಳಗೆ ಹಾರಿದರೆ ‘ಧುಮುಕು’. ‘ಗೆಂತು’ ಎಂದರೆ ‘ಕುಪ್ಪಳಿಸು’. ಅವರು ಪದ ಕೂಗುತ್ತಿದ್ದಂತೆ ಇಡೀ ತರಗತಿ ಎದ್ದು ಹಾಗೆ ಮಾಡಬೇಕು. ಗೋಡೆಗೆ ಒರಗಿ ನಿಂತ ನನ್ನನ್ನೂ ಬಿಡುತ್ತಿರಲಿಲ್ಲ. “ಏನಮ್ಮ, ಡಿಗ್ರಿ ಓದಿದೋರ ಕಾಲು ಮೇಲಕ್ಕೆ ಏಳಲ್ವಾ?” ಮಕ್ಕಳು ಗೊಳ್ಳೆಂದು ನಗುತ್ತಿದ್ದರು.

ಒಂದು ಶನಿವಾರ ಮಕ್ಕಳನ್ನು ಊರ ಹಿಂದಿನ ಬಂಡೆಗುಡ್ಡಕ್ಕೆ ಕರೆದುಕೊಂಡು ಹೋದೆವು. ಮೇಲೆ ಎರಡು ಹಾಸುಬಂಡೆಗಳ ನಡುವೆ ಆಳವಾದ ಸೀಳು. ಮೇಯುತ್ತಿದ್ದ ಮೇಕೆಯೊಂದು ಅದನ್ನು ಸಲೀಸಾಗಿ ದಾಟಿತು. ಟೀಚರ್ ಖುಷಿಯಿಂದ ಕೈ ತೋರಿಸಿದರು.

“ನೋಡಿದ್ರಾ? ಜಿಗಿ.”

ನನ್ನ ಪಕ್ಕದಿಂದ ಒಬ್ಬ ಹುಡುಗಿ ಓಡಿದಳು. ಜಿಗಿದೇಬಿಟ್ಟಳು.

ಆಚೆಯ ಬಂಡೆ ಇಳಿಜಾರು. ಹೊಟ್ಟೆಯ ಮೇಲೆ ಬಿದ್ದವಳು ಉಗುರೂರಿದರೂ ನಿಧಾನವಾಗಿ ಸೀಳಿನ ಕಡೆಗೆ ಜಾರತೊಡಗಿದಳು. ಟೀಚರ್ ಯಾವಾಗ ಸೀರೆ ಎತ್ತಿ ಕಟ್ಟಿದರೋ ಕಾಣಲಿಲ್ಲ. ಅವರು ಜಿಗಿದು ಆಚೆ ಬಿದ್ದ ಸದ್ದು ಮಾತ್ರ ಕೇಳಿತು. ಒಂದು ಕೈಯಲ್ಲಿ ಪೊದೆಯ ಬುಡ, ಇನ್ನೊಂದರಲ್ಲಿ ಹುಡುಗಿಯ ರಟ್ಟೆ. ಮಕ್ಕಳೊಡನೆ ಕನ್ನಡ ಬಿಟ್ಟು ಮಾತಾಡದ ಅವರು, “ಕದಲಕು ತಲ್ಲಿ, ಕದಲಕು” ಎಂದು ತೆಲುಗಿನಲ್ಲೇ ಬೇಡುತ್ತಿದ್ದರು. ಅಲುಗಾಡಬೇಡ ತಾಯಿ, ಅಲುಗಾಡಬೇಡ... ಉಳಿದ ಮಕ್ಕಳನ್ನು ಅಲ್ಲೇ ಕೂರಿಸಿ ನಾನು ಕಿರುಚಿಕೊಂಡೆ. ಮೇಕೆ ಕಾಯುವವನು ಬಂಡೆ ಬಳಸಿ ಬಂದು ಇಬ್ಬರನ್ನೂ ಮೇಲಕ್ಕೆ ಎಳೆದ. ಅಷ್ಟು ಹೊತ್ತೂ ಪೊದೆಯ ಬೇರು ಒಂದೊಂದಾಗಿ ಕಿತ್ತುಬರುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಬೇರುಗಳೇ.

ಟೀಚರ್ ಅವರ ಮಂಡಿ ಮುರಿದಿತ್ತು. ಆ ನೋವಿನಲ್ಲೇ ಹುಡುಗಿಯ ಗದ್ದ ಹಿಡಿದು, ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದರು.

“ನೀವೇ ಹೇಳಿದ್ರಲ್ಲ ಮಿಸ್.”

ಟೀಚರ್ ಅವಳ ಗದ್ದದಿಂದ ಕೈ ತೆಗೆದರು. ತಿಂಗಳುಗಳ ನಂತರ ಕುಂಟುತ್ತಾ ಶಾಲೆಗೆ ಬಂದವರು ಪದಗಳನ್ನು ಬೋರ್ಡಿನ ಮೇಲೆ ಬರೆದರು, ಪಕ್ಕದಲ್ಲಿ ತೆಲುಗು ಅರ್ಥ. ಯಾವುದಾದರೂ ಮಗು ಎದ್ದು ನಿಂತರೆ ಬರೆಯುವುದನ್ನು ಬಿಟ್ಟು ಮೊದಲು ಕೂರಿಸುತ್ತಿದ್ದರು... ನಿವೃತ್ತರಾಗುವವರೆಗೂ ಹಾಗೆಯೇ. ಹೋದ ವರ್ಷ ತೀರಿಕೊಂಡರು.

ಅವರ ತರಗತಿ ಈಗ ನನ್ನದು. ಇವತ್ತು ಮಧ್ಯಾಹ್ನ ಪಾಠದಲ್ಲಿ ‘ಜಿಗಿ’ ಬಂತು, ಒಬ್ಬಳು ಅರ್ಥ ಕೇಳಿದಳು. ಎಲ್ಲರೂ ಕುಳಿತಿದ್ದಾರೆಯೇ ಎಂದು ನೋಡಿಕೊಂಡೆ. ಆಮೇಲೆ ತೆಲುಗು ಅರ್ಥ ಮೆಲ್ಲಗೆ ಹೇಳಿದೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಯಾರೂ ನಗಲಿಲ್ಲ.