ಮೊದಲು ಬೆಲ್ಲ, ಆಮೇಲೆ ಸುದ್ದಿ

ನಮ್ಮ ಸುಳ್ಯದ ಕಡೆ ಮನೆಗೆ ಬಂದವರ ಕೈಗೆ ಮೊದಲು ಬರುವುದು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಬಂದ ಕಾರಣ ಕೇಳುವುದು ಆಮೇಲೆ. ನೀವು ನಗಬಹುದು, ಆದರೆ ಸೇನೆ, ಗಡಿ, ದೇಶದ ಭದ್ರತೆ ಎಂದು ಇಷ್ಟು ವರ್ಷ ದೆಹಲಿಯಲ್ಲಿ ವರದಿ ಬರೆದ ನಾನು ಈ ಕಸುಬಿನ ಸೂಕ್ಷ್ಮ ಕಲಿತದ್ದು ಆ ಬೆಲ್ಲದಿಂದಲೇ ಎಂದು ಧೈರ್ಯವಾಗಿ ಹೇಳುತ್ತೇನೆ. ಟ್ಯಾಂಕು, ಕ್ಷಿಪಣಿಗಳ ಹೆಸರನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು ಮಾರಾಯ್ರೆ. ಗೊತ್ತಿದ್ದೂ ಬಾಯಿ ಮುಚ್ಚಿ ಕೂರಲು ಗುಂಡಿಗೆ ಬೇಕು.

ಒಮ್ಮೆ ರಜೆಯಲ್ಲಿ ಊರಿಗೆ ಬಂದಿದ್ದಾಗ ಕಚೇರಿಯಿಂದ ಫೋನು ಬಂತು: ಗಡಿಯಲ್ಲಿ ಗುಂಡಿನ ಚಕಮಕಿ, ನಿಮ್ಮ ಪಕ್ಕದ ಗುತ್ತಿಗಾರಿನ ಯೋಧ ಚೇತನ ತೀರಿಕೊಂಡನಂತೆ, ಮನೆಯವರಿಗೆ ತಿಳಿಸಿಯಾಗಿದೆ, ಹೋಗಿ ಮಾತಾಡಿಸಿ ಬಾ. ಹೋದೆ. ಚೇತನನ ತಾಯಿ ದೇವಕಿಯಕ್ಕ ನಗುತ್ತಾ ಬೆಲ್ಲ, ನೀರು ತಂದುಕೊಟ್ಟು, “ಆನೆ ವಿಷಯ ಬರೀಲಿಕ್ಕೆ ಬಂದದ್ದಲ್ವಾ? ನಿನ್ನೆ ನಮ್ಮ ಬಾಳೆ ಪೂರಾ ಮುರ್ದು ಲಗಾಡಿ ತೆಗ್ದಿದೆ ಮಾರಾಯ್ರೆ!” ಎಂದರು. ಈ ತಾಯಿಗೆ ಯಾರೂ ಏನೂ ಹೇಳಿರಲಿಲ್ಲ.

ಸೇನೆಯವರು ಮನೆಗೆ ತಿಳಿಸುವ ಮೊದಲು ಯೋಧನ ಹೆಸರು ಹೊರಗೆ ಬರಬಾರದೆಂಬುದು ನಮ್ಮ ವೃತ್ತಿಯ ಕಟ್ಟುಪಾಡು. ಒಳಗೆ ಟಿವಿ ಬೇರೆ ಓಡುತ್ತಿತ್ತು. ಮುರಿದ ಬಾಳೆ ನೋಡುವ ನೆಪದಲ್ಲಿ ಅಂಗಳದಾಚೆ ಹೋಗಿ, ಹೆಸರು ಹಾಕಬೇಡಿ ಎಂದು ಕಚೇರಿಗೆ ಹೇಳಿದೆ. ಬೇರೆಯವರು ಹಾಕಿದರೆ ಎಂದು ಸಂಪಾದಕರು ಹಾರಾಡಿದರು. ಹಾಕಿಕೊಳ್ಳಲಿ, ನಾವು ಬೇಡ ಎಂದೆ. ಪರಿಚಯದ ಸೇನಾಧಿಕಾರಿಯೊಬ್ಬರಿಗೆ ಫೋನು ಮಾಡಿದರೆ, ವಿಚಾರಿಸಿ ಹೇಳುತ್ತೇನೆ ಎಂದರು.

ಮತ್ತೇನು ಮಾಡುವುದು? ಜಗಲಿಯಲ್ಲಿ ಕೂತು, ಆನೆ ಯಾವ ದಿಕ್ಕಿನಿಂದ ಇಳಿಯಿತು, ಎಷ್ಟು ಬೇಲಿ ಮುರಿಯಿತು, ಪಟಾಕಿ ಹೊಡೆದರೂ ಯಾಕೆ ಕದಲಲಿಲ್ಲ ಎಂದು ಸೇನಾಪತಿಗಳನ್ನು ಕೇಳುವ ಗತ್ತಿನಲ್ಲೇ ಒಂದೊಂದಾಗಿ ಕೇಳಿ ಬರೆದುಕೊಂಡೆ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಬೆಲ್ಲ. “ಚೇತನ ಬರ್ಲಿ, ಬೇಲಿ ಅವನೇ ಕಟ್ತಾನೆ” ಎಂದು ಅವರೆಂದಾಗ ಬೇಲಿಯ ಉದ್ದ ಎಷ್ಟೆಂದು ಕೇಳಿ ಅದನ್ನೂ ಬರೆದುಕೊಂಡೆ.

ಕೊನೆಗೂ ಆ ಅಧಿಕಾರಿಯ ಫೋನು ಬಂತು. ಚೇತನ ಸತ್ತಿರಲಿಲ್ಲ, ಕಾಲಿಗೆ ಗುಂಡು ಬಿದ್ದು ಆಸ್ಪತ್ರೆಯಲ್ಲಿದ್ದ. ಸ್ವಲ್ಪ ಹೊತ್ತಿನಲ್ಲೇ ಅವನೇ ತಾಯಿಯೊಡನೆ ಮಾತಾಡಿದ. ಅಬ್ಬಾ, ಆ ನೆಮ್ಮದಿಯನ್ನು ಹೇಗೆ ಹೇಳಲಿ! ಅವನು ಬದುಕಿದ್ದರಿಂದ ನಾನು ಮಾಡಿದ್ದು ಸರಿಯಾಯಿತೆಂದಲ್ಲ. ಸುದ್ದಿ ನಿಜವಾಗಿದ್ದರೂ ಅದನ್ನು ಆ ತಾಯಿ ನಮ್ಮ ವರದಿಯಿಂದ ತಿಳಿಯಲು ನಾನು ಬಿಡುತ್ತಿರಲಿಲ್ಲ. ಆನೆಯ ವರದಿಯೂ ಅಚ್ಚಾಯಿತೆನ್ನಿ. ನಾನು ಬರೆದ ರಕ್ಷಣಾ ವರದಿಗಳಲ್ಲಿ ಅದೇ ಶ್ರೇಷ್ಠವೆಂದು ಇಂದಿಗೂ ನಂಬಿದ್ದೇನೆ.

ಮೊನ್ನೆ ಹೋದಾಗ ಚೇತನ ಕೋಲೂರಿಕೊಂಡೇ ಬೇಲಿ ಕಟ್ಟುತ್ತಿದ್ದ. ದೇವಕಿಯಕ್ಕ ಬೆಲ್ಲ ಕೊಡುತ್ತಾ, “ಅವತ್ತು ನೀವು ಆನೆಗೆ ಬಂದದ್ದಲ್ಲ ಅಂತ ನಂಗೆ ಆಗ್ಲೇ ಗೊತ್ತಾಗಿದೆ” ಎಂದರು.

“ಹೇಗಕ್ಕ?”

“ಬೆಲ್ಲ ನಿಮ್ಮ ಕೈಯಲ್ಲೇ ಕರಗ್ತಾ ಇತ್ತಲ್ಲ. ಕೇಳ್ಲಿಕ್ಕೆ ನಂಗೆ ಧೈರ್ಯ ಬರ್ಲಿಲ್ಲ. ಅದಕ್ಕೇ ನಾನೂ ಆನೆ, ಆನೆ ಅಂತ ಹೇಳ್ತಾ ಇದ್ದದ್ದು.”

ನಾನು ಬೆಲ್ಲವನ್ನು ಅವರೆದುರೇ ಬಾಯಿಗೆ ಹಾಕಿಕೊಂಡೆ.