ಸದಾಶಿವಪ್ಪ ಕಡಿದ ಹುಣಸೆ

ದಾಕ್ಷಾಯಿಣಿ ನೀಲಗಂಗವ್ವನನ್ನು ಮೊದಲು ಕಂಡದ್ದು ಶಿರಸಿಯಿಂದ ಬನವಾಸಿಗೆ ಹೋಗುವ ಬಸ್ಸಿನಲ್ಲಿ, ಒಂದು ಮಂಗಳವಾರ, ಬಲಗಡೆಯ ಮೂರನೆಯ ಸೀಟಿನಲ್ಲಿ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದರೂ ಇಳಿಯುವ ಜಾಗ ಹೇಳಲೇಬೇಕು.

“ಎಲ್ಲಿಗಬೇ?” ಎಂದು ಮುದುಕಿಯನ್ನು ಕೇಳಿದ ಕಂಡಕ್ಟರ್.

“ಸದಾಶಿವಪ್ಪ ಕಡದ ಹುಣಸಿಗೆ.”

“ಅಂಥಾ ಸ್ಟಾಪ್ ಇಲ್ಲಬೇ ಯವ್ವಾ. ತೊಟ್ಟಿಲಹುಣಸಿ ಐತಿ.”

“ಎಲ್ಲೈತಿ ತೋರ್ಸು! ಕಡದಾಂವನ ಹೆಸ್ರು ಹೇಳಾಕ ಹೆದರ್ತಿ, ಅಂವ ನಿನ್ನ ಮಾವೇನು?”

ಬಸ್ಸೆಲ್ಲ ನಕ್ಕಿತು. ನೀಲಗಂಗವ್ವ ನಗಲಿಲ್ಲ.

ದಾಕ್ಷಾಯಿಣಿಯ ಮಗಳ ಮನೆಯೂ ಅದೇ ಊರಿನಲ್ಲಿ. ಇಬ್ಬರೂ ಇಳಿದು ನಡೆಯುವಾಗ ಮುದುಕಿ ಎಲ್ಲ ಹೇಳಿದಳು. ನಾಟಿಗೆ ಬಂದ ಹೆಂಗಸರು ಮೂರು ತಲೆಮಾರಿನಿಂದ ತೊಟ್ಟಿಲು ಕಟ್ಟುತ್ತಿದ್ದ ಮರ ಅದು, ಅವಳ ಗದ್ದೆಯ ಬದುವಿನಲ್ಲಿತ್ತು. ಊರಿಗೆ ದಾರಿ ಹೇಳುವವರು ಅದರಿಂದಲೇ ಸುರು ಮಾಡುತ್ತಿದ್ದರು. ಎದುರಿಗೆ ಹೊಸ ಮನೆ ಕಟ್ಟಿಸಿದ ಸದಾಶಿವಪ್ಪನಿಗೆ, ಬಾಗಿಲೆದುರು ಹುಣಸೆ ಇದ್ದರೆ ಏಳಿಗೆಯಿಲ್ಲವೆಂದು ಯಾರೋ ಹೇಳಿದರು. ಕರೆಂಟಿನ ತಂತಿಗೆ ತಾಗುವ ಎರಡು ಟೊಂಗೆ ಕಡಿಸುವ ಅರ್ಜಿ ಎಂದು ಓದಿ ಹೇಳಿ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಅವಳು ಶ್ರಾವಣ ಸೋಮವಾರ ಬನವಾಸಿಯ ಗುಡಿಗೆ ಹೋಗಿ ಬರುವಷ್ಟರಲ್ಲಿ ಮರ ಬುಡಸಮೇತ ಉರುಳಿತ್ತು. ಕೂಸಿದ್ದಾಗ ಅವನನ್ನೂ ಅದೇ ಮರದಲ್ಲಿ ತೂಗಿದವಳು ಅವಳೇ.

“ಅಂವ ಕಾಗದದಾಗ ಮೋಸ ಮಾಡ್ದ. ನನಗ ಅಕ್ಷರ ಬರೂದಿಲ್ಲ. ಬಾಯಿ ಬರ್ತೈತಿ.”

ದಿನಕ್ಕೆರಡು ಸಲ ಬಸ್ಸು ಹತ್ತಿ ಸ್ಟಾಪಿಗೆ ಆ ಹೆಸರನ್ನೇ ಹೇಳಿದಳು. ಆರು ತಿಂಗಳಿಗೆ ಶಾಲೆಯ ಮಕ್ಕಳ ಬಾಯಿಗೂ ಬಂತು. ಸದಾಶಿವಪ್ಪ ಅಪ್ಪನ ಹೆಸರಿನಲ್ಲಿ ‘ವೀರಪ್ಪ ತಂಗುದಾಣ’ ಕಟ್ಟಿಸಿ ಬೋರ್ಡು ಹಾಕಿಸಿದ. ಮಗಳ ಮದುವೆಯ ಕಾಗದದಲ್ಲೂ ಅದನ್ನೇ ಅಚ್ಚು ಹಾಕಿಸಿದ. ಮದುವೆಯ ದಿನ ಬೀಗರು ಹತ್ತಿದ ಬಸ್ಸಿನಲ್ಲಿ ದಾಕ್ಷಾಯಿಣಿಯೂ ಇದ್ದಳು.

“ವೀರಪ್ಪ ತಂಗುದಾಣ? ಎಲ್ರಿ ಅದು?” ಎಂದ ಕಂಡಕ್ಟರ್.

“ಸದಾಶಿವಪ್ಪನೋರ ಮನಿ ಹತ್ರ ಅಂತ್ರಿ,” ಎಂದ ಬೀಗರಲ್ಲೊಬ್ಬ.

“ಹಂಗನ್ರಿ ಮತ್ತ!” ಊರು ಬಂದೊಡನೆ ಬಾಗಿಲಲ್ಲಿ ನಿಂತು ಕೂಗಿದ: “ಸದಾಶಿವಪ್ಪ ಕಡದ ಹುಣಸಿ! ಬೀಗರೆಲ್ಲಾ ಇಳೀರಿ!”

ಚಪ್ಪರದ ಕೆಳಗೆ ಕೈಮುಗಿದು ನಿಂತಿದ್ದ ಸದಾಶಿವಪ್ಪನ ಮುಖ ಕಪ್ಪಿಟ್ಟಿತು.

ಮಾರನೆಯ ದಿನ ಬಂದು ನೀಲಗಂಗವ್ವನ ಕಟ್ಟೆಯ ಮೇಲೆ ಕುಳಿತ. “ಸಾಕು ಮಾಡಬೇ ಯವ್ವಾ. ಹೊಸಾ ಸಸಿ ಹಚ್ತೀನಿ.”

“ಹಚ್ಚು. ಅದು ತೊಟ್ಟಿಲ ತಡಿಯೂವಷ್ಟು ಬೆಳಿಯೂತನಕ ಹೆಸ್ರು ನಿಂದಽ.”

ಈ ಚಳಿಗಾಲ ಅವಳು ಹಾಸಿಗೆ ಹಿಡಿದಳು. ಬಸ್ಸು ಹತ್ತದೆ ಎರಡು ತಿಂಗಳಾಯಿತು. ದಾಕ್ಷಾಯಿಣಿ ನೋಡಲು ಹೊರಟ ದಿನ ಕಂಡಕ್ಟರ್ ಹೊಸಬ, ಹಾವೇರಿಯ ಕಡೆಯವ. ಮರ ಕಂಡವನಲ್ಲ, ಸದಾಶಿವಪ್ಪನನ್ನೂ ಕಂಡವನಲ್ಲ. ಆದರೂ ಸೀಟಿ ಊದಿ ಪೂರ್ತಿ ಹೆಸರು ಕೂಗಿದ್ದ.

ದಾಕ್ಷಾಯಿಣಿ ಹಾಸಿಗೆಯ ಪಕ್ಕ ಕುಳಿತಾಗ ನೀಲಗಂಗವ್ವ ಕಣ್ಣು ತೆರೆದಳು. ನೀರು ಬೇಡವೆಂದು ಕೈಯಾಡಿಸಿ ದಾಕ್ಷಾಯಿಣಿಯ ಸೆರಗು ಹಿಡಿದಳು.

“ನಿನ್ನ ಇಳಿಸೂಮುಂದ ಏನಂತ ಕೂಗಿದ?”