ಅಪ್ಪನ ಎದೆಯೊಳಗಿನ ಮಿಲ್ಲು

ಆಗ ಮಾನ್ವಿಯ ನಮ್ಮ ಓಣಿಯಲ್ಲಿ ಗಡಿಯಾರ ಇದ್ದ ಮನೆಗಳು ಕಡಿಮೆ. ಹಿಂದಿನ ರೈಸ್ ಮಿಲ್ಲು ಶುರುವಾದರೆ ಬೆಳಗಾಯಿತು, ನಿಂತರೆ ಊಟದ ಹೊತ್ತಾಯಿತು. ಭತ್ತ ಕುದಿಸುವ ವಾಸನೆ ನಮ್ಮ ಅಂಗಿಗೆ, ಹಾಸಿಗೆಗೆ, ಶಾಲೆಯ ಚೀಲಕ್ಕೆ ಕೂಡ ಹತ್ತಿಕೊಂಡಿರುತ್ತಿತ್ತು. ಮಿಲ್ಲಿನ ಹಿತ್ತಲಲ್ಲಿ ಹೊಟ್ಟಿನ ಗುಡ್ಡ ಬೆಳೆದಿರುತ್ತಿತ್ತು. ಅದರ ಮೇಲಿಂದ ಜಾರಿ, ಮೈಯೆಲ್ಲ ಕೆರೆದುಕೊಳ್ಳುತ್ತ ಮನೆಗೆ ಬಂದು ಬೈಸಿಕೊಳ್ಳದ ಮಕ್ಕಳು ನಮ್ಮಲ್ಲಿರಲಿಲ್ಲ. ನೀವೂ ಅಂಥ ಯಾವುದೋ ಗುಡ್ಡದಿಂದ ಜಾರಿಯೇ ದೊಡ್ಡವರಾಗಿರುತ್ತೀರಿ.

ನಮ್ಮಪ್ಪ ಹುಲಿಗೆಪ್ಪ ಆ ಮಿಲ್ಲಿನ ಹಮಾಲ. ತುಂಬಿದ ಚೀಲಕ್ಕೆ ಕಬ್ಬಿಣದ ಕೊಂಡಿ ಹಾಕಿ ಎಳೆದು, ಬೆನ್ನಿಗೇರಿಸಿಕೊಂಡು, ಬಳುಕುವ ಹಲಗೆಯ ಮೇಲೆ ಲಾರಿ ಹತ್ತುತ್ತಿದ್ದ. ಊರಲ್ಲಿ ಅವನಷ್ಟು ದೊಡ್ಡ ಮನುಷ್ಯ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ಒಬ್ಬಳೇ ಮಗಳಾದ ನನಗೆ ಅವನ ಎದೆಯ ಮೇಲೆ ತಲೆಯಿಟ್ಟು ಮಲಗುವ ರೂಢಿ. ಕಿವಿಯಿಟ್ಟರೆ ಒಳಗೆ ಸಣ್ಣಗೆ ಗರ್ರ್ ಎನ್ನುವ ಸಪ್ಪಳ ಕೇಳುತ್ತಿತ್ತು. ದಿನವಿಡೀ ಮಿಲ್ಲಿನಲ್ಲೇ ಇರುತ್ತಾನಲ್ಲ, ಸ್ವಲ್ಪ ಮಿಲ್ಲು ಒಳಗೆ ಹೋಗಿರಬೇಕು ಎಂದುಕೊಂಡಿದ್ದೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಆ ಸಪ್ಪಳ ಕೆಮ್ಮಾಗಿ ಎದೆಯಿಂದ ಹೊರಗೆ ಬಂತು. ಅಪ್ಪ ಒಂದು ತುತ್ತು ನುಂಗಿ ಉಸಿರಿಗಾಗಿ ಕಾಯುವಂತಾಯಿತು. ಅವ್ವ ಕೆಲವು ದಿನ ಸುಮ್ಮನೆ ನೋಡಿದಳು. ಜಾಲಹಳ್ಳಿಯ ಹತ್ತಿರದ ಅವಳ ತವರಿನವರು ಕೊಟ್ಟಿದ್ದ ಎರಡು ಆಡುಗಳಿದ್ದವು. ಒಂದು ದಿನ ನಸುಕಿನಲ್ಲೇ ಅವನ್ನು ಲಾರಿಗೆ ಹತ್ತಿಸಿಕೊಂಡು ದೇವದುರ್ಗದ ಸಂತೆಗೆ ಹೋದವಳು, ಸಂಜೆ ಬರೀ ಹಗ್ಗ ಹಿಡಿದುಕೊಂಡು ಬಂದಳು. ನಾನು ಅತ್ತೆ. ಅವಳು ಅಳಲಿಲ್ಲ. ಹಗ್ಗ ಸುತ್ತಿ ಗೂಟಕ್ಕೆ ನೇತುಹಾಕಿ, "ನಾಳಿ ರಾಯಚೂರಿಗೆ ಹೋಗೂದದ. ಲಗೂ ಮಕ್ಕೋರಿ" ಎಂದಳು.

ರಾಯಚೂರಿನ ಡಾಕ್ಟರು ಅಪ್ಪನ ಎದೆಗೆ ನಳಿಗೆ ಇಟ್ಟಾಗ ನನಗೆ ತಡೆಯಲಾಗಲಿಲ್ಲ.

"ನಮ್ಮಪ್ಪನ ಎದ್ಯಾಗ ಮಿಲ್ ಅದರೀ" ಅಂದುಬಿಟ್ಟೆ.

ಡಾಕ್ಟರು ನಗಲಿಲ್ಲ. "ಹೌದವ್ವಾ, ನನಗೂ ಅದೇ ಕೇಳಾಕತ್ತದ" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಗುಳಿಗಿ ಬರದುಕೊಡ್ತೀನಿ. ಆದ್ರ ಧೂಳೂ ಬಿಡಬೇಕು, ಹೊಗಿನೂ ಬಿಡಬೇಕು. ಹಿಂಗ ಚೀಲ ಹೊತ್ತರ ಗುಳಿಗಿ ನುಂಗಿದ್ದೂ ದಂಡ, ಉಸಿರೂ ಉಳಿಯಂಗಿಲ್ಲ" ಅಂದರು.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ ಅಪ್ಪ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ಕೆಲಸ ಬಿಟ್ರ ಗುಳಿಗಿಗೆ ರೊಕ್ಕ ಎಲ್ಲಿಂದ ಬರ್ತದ? ಗುಳಿಗಿ ಬೇಕಂದ್ರ ಕೆಲಸಕ್ಕ ಹೋಗಬೇಕು. ಕೆಲಸಕ್ಕ ಹೋದ್ರ ಗುಳಿಗಿ ದಂಡ. ಇದಕ್ಕ ಏನ್ ಮಾಡ್ತಿ, ಮಾಡು."

ಅವ್ವ ಗುಳಿಗೆ ತಗೊಂಡಳು. ಆಡಿನ ರೊಕ್ಕದಲ್ಲಿ ಉಳಿದದ್ದಕ್ಕೆಲ್ಲ ಬಿಳಿ ಜೋಳ ಕೊಂಡು ಬಸ್ಸಿನ ಮೇಲೆ ಹಾಕಿಸಿದಳು. ಅಪ್ಪನಿಗೆ ತಲೆ ಕೆಟ್ಟಿತು.

"ಮೂರು ಮಂದಿಗೆ ಇಷ್ಟು ಜ್ವಾಳ ಯಾಕ?"

"ಇದೂ ಔಷಧಾನ ಅದ. ಸುಮ್ನ ಕೂಡ್ರಿ."

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಅವ್ವ ಹಾರೆ ಹಿಡಿದು ಒಳಗಿನ ಒಲೆಯನ್ನು ಕಿತ್ತು ಹಾಕುತ್ತಿದ್ದಾಳೆ! ಅಜ್ಜಿಯ ಕಾಲದ ಒಲೆ ಅದು. ಮಧ್ಯಾಹ್ನದೊಳಗೆ ಅಂಗಳದ ಆ ತುದಿಯಲ್ಲಿ ಹೊಸ ಒಲೆ ಎದ್ದು ನಿಂತಿತು, ಹೊಗೆ ಮನೆಯ ಕಡೆ ಬರದಂತೆ ಗಾಳಿಗೆ ಬೆನ್ನು ಮಾಡಿಕೊಂಡು. ರಾಯಚೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಗೆ ದಿನಾ ಬಸ್ಸಿನ ಮೇಲೆ ರೊಟ್ಟಿ ಕಳಿಸಲು ಅವಳು ಹಿಂದಿನ ದಿನವೇ ಮಾತಾಡಿ ಬಂದಿದ್ದಳಂತೆ. ಅಪ್ಪನನ್ನು ಎಕ್ಸ್‌ರೇಗೆ ಕೂಡಿಸಿ, ಆ ಸಂದಿನಲ್ಲಿ. ಇವಳು ಇಷ್ಟು ದಿನ ನಮ್ಮವ್ವನಾಗಿಯೇ ಇದ್ದಳೇ ಎಂದು ನಾನು ಬಾಯಿ ತೆರೆದು ನಿಂತೆ.

ಒಬ್ಬಳ ಕೈಯಲ್ಲಿ ಅಷ್ಟು ರೊಟ್ಟಿ ಆಗುವುದಿಲ್ಲ ಎಂಬುದು ಒಂದೇ ವಾರದಲ್ಲಿ ಗೊತ್ತಾಯಿತು. ಆಗ ಅವ್ವ ಪಡಸಾಲೆಯಲ್ಲಿ ಮರದ ಹಲಗೆ ಇಟ್ಟು ಅಪ್ಪನನ್ನು ಕರೆದಳು.

"ಬರ್ರಿ. ಬಡೀರಿ."

"ಏನು?"

"ರೊಟ್ಟಿ. ನೀವಿಲ್ಲಿ ಬಡೀರಿ, ನಾ ಅಲ್ಲಿ ಬೇಯಿಸ್ತೀನಿ. ಹೊಗಿ ನನಗಿರಲಿ."

"ಗಂಡಸು ರೊಟ್ಟಿ ಬಡದ್ರ ಓಣ್ಯಾಗ ಮಂದಿ ಏನಂದಾರು?"

"ನೀವು ಕೆಮ್ಮೂದನ್ನ ಓಣಿ ಮಂದಿ ಬಂದು ಕೆಮ್ಮತಾರೇನು?"

ಅಪ್ಪ ಮಿಲ್ಲಿನ ಕೆಲಸ ಬಿಟ್ಟು, ಓಣಿಯ ಕಡೆಯ ಬಾಗಿಲು ಹಾಕಿಕೊಂಡು ಕೂತ. ಹಿಟ್ಟಿನ ಧೂಳೂ ಧೂಳೇ ಎಂದು ಅವ್ವ ಒದ್ದೆ ವಸ್ತ್ರವನ್ನು ಅವನ ಮೂಗು ಬಾಯಿಗೆ ಕಟ್ಟಿದಳು. ದರೋಡೆಗೆ ಹೊರಟವನು ದಾರಿಯಲ್ಲಿ ಹಸಿವಾಗಿ ಅಡುಗೆಗೆ ಕೂತಂತೆ ಕಾಣುತ್ತಿದ್ದ. ನಾನು ನಕ್ಕರೆ ವಸ್ತ್ರದ ಮೇಲಿನ ಎರಡು ಕಣ್ಣು ಕೆಂಪಾಗುತ್ತಿದ್ದವು. ಬಾಗಿಲು ಹಾಕಿದರೂ ಸಪ್ಪಳ ಅಡಗಬೇಕಲ್ಲ. ಹಮಾಲನ ಕೈ ಅದು, ಧಪ್ ಧಪ್ ಎಂದು ಬೀಳುತ್ತಿತ್ತು. ಎದುರುಮನೆಯ ನೀಲಮ್ಮಾಯಿ ಬಂದು, "ಏನ್ ಬೇ, ನಿಮ್ಮ ಮನ್ಯಾಗ ಗ್ವಾಡಿ ಒಡಿಯಾಕತ್ತೀರೇನು?" ಎಂದು ಇಣುಕಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು. ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ.

ಬಡಿದ ಹಸಿ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಹೊತ್ತು, ಅಂಗಳ ದಾಟಿ ಅವ್ವನ ಹಂಚಿಗೆ ಮುಟ್ಟಿಸುವುದು ನನ್ನ ಕೆಲಸ. ಮೊದಮೊದಲು ಅರ್ಧ ದಾರಿಯಲ್ಲೇ ಹರಿದು ಮೊಣಕೈಗೆ ಜೋತುಬೀಳುತ್ತಿದ್ದವು. ಅವ್ವ ಬೈಯದೆ ಅದನ್ನು ಮುದ್ದೆ ಮಾಡಿ ವಾಪಸ್ ಕಳಿಸುತ್ತಿದ್ದಳು. ಉಸಿರು ಬಿಗಿಹಿಡಿದು ನಡೆಯುವುದನ್ನು ನಾನು ಕಲಿತೆ. ಅಪ್ಪ ಉಸಿರಾಡಲಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಒಂದಲ್ಲ ಒಂದು ರೀತಿ ಉಸಿರು ಹಿಡಿದಿದ್ದೆವು.

ದಿನ ಕಳೆದಂತೆ ಅಪ್ಪನ ಕೈ ಹಗುರಾಯಿತು. ಕೊಂಡಿ ಹಿಡಿದು ದಡ್ಡುಗಟ್ಟಿದ ಆ ಅಂಗೈಯ ಕೆಳಗೆ ರೊಟ್ಟಿ ತಾನಾಗಿ ತಿರುಗುತ್ತ ಅಗಲವಾಗುವುದನ್ನು ನೋಡುತ್ತ ನಾನು ಶಾಲೆಯ ಹೊತ್ತು ಮರೆಯುತ್ತಿದ್ದೆ. ಹೊತ್ತುಕೊಂಡು ಬರುವಾಗ ಬಿಸಿಲಿಗೆ ಹಿಡಿದರೆ ರೊಟ್ಟಿಯೊಳಗಿಂದ ನನ್ನ ಬೆರಳುಗಳು ಕಾಣುತ್ತಿದ್ದವು. ಒಂದು ಲಾರಿ ಭತ್ತ ಇಳಿಸುವ ಕೈ ಇಷ್ಟು ತೆಳ್ಳನೆಯ ರೊಟ್ಟಿಯನ್ನೂ ಮಾಡಬಲ್ಲದು ಎಂಬ ಬೆರಗು ನನಗೆ ಇವತ್ತಿಗೂ ತೀರಿಲ್ಲ. ನೀಲಮ್ಮಾಯಿ ಕೂಡ ನಗುವುದನ್ನು ಬಿಟ್ಟು, ತನ್ನ ಮನೆಯ ನೆಂಟರಿಗೆಂದು ನಮ್ಮ ರೊಟ್ಟಿಯನ್ನೇ ಒಯ್ಯತೊಡಗಿದಳು.

ರೊಟ್ಟಿಯ ರೊಕ್ಕ ಜೋಳಕ್ಕೆ, ಗುಳಿಗೆಗೆ, ಉಪ್ಪು ಎಣ್ಣೆಗೆ ಸರಿಹೋಗುತ್ತಿತ್ತು. ಮತ್ತೆ ಮತ್ತೆ ರಾಯಚೂರಿಗೆ ಹೋಗಿ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಅದಕ್ಕೂ ಅವ್ವ ದಾರಿ ಹುಡುಕಿದಳು. ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಕರೆದು, "ರೇಣೀ, ನಿಮ್ಮಪ್ಪನ ಎದಿಗೆ ಕಿವಿ ಇಡು. ಮಿಲ್ ಹ್ಯಾಂಗ ನಡದದ, ಹೇಳು" ಎನ್ನುತ್ತಿದ್ದಳು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. "ಜೋರ್ ನಡದದ." "ಇವತ್ತ ಸಣ್ಣಗ ಅದ." ನಾನು ಹೇಳಿದ್ದಕ್ಕೆ ತಕ್ಕಂತೆ ಅಪ್ಪ ಮರುದಿನ ಬಡಿಯಬೇಕಾದ ಹಿಟ್ಟಿನ ಅಳತೆ ಹೆಚ್ಚು ಕಡಿಮೆಯಾಗುತ್ತಿತ್ತು. ಆ ಪುಟ್ಟ ಕಿವಿಯನ್ನು ಅವ್ವ ಅಷ್ಟು ನಂಬಿದ್ದಳು.

ಭತ್ತದ ಸುಗ್ಗಿ ಬಂತು. ಮಿಲ್ಲಿನ ಮುಂದೆ ಲಾರಿಗಳು ಸಾಲುಗಟ್ಟಿದವು. ಒಂದು ಸಂಜೆ ಮಿಲ್ಲಿನ ಗುಮಾಸ್ತ ಶರಣಪ್ಪ ನಮ್ಮ ಕಟ್ಟೆಯ ಮೇಲೆ ಬಂದು ಕೂತ. ನೋಟಿನ ಕಟ್ಟು ತೆಗೆದು ಪಕ್ಕಕ್ಕಿಟ್ಟ.

"ಹುಲಿಗೆಪ್ಪ, ಮುಂಗಡ ಹಿಡಿ. ಈ ಸುಗ್ಗಿ ಒಂದಕ್ಕ ಬಾ. ರೊಟ್ಟಿ ಬಡಿಯೋ ಕೈ ಏನೋ ಇದು?"

ಅಪ್ಪ ಆ ಕಟ್ಟನ್ನೇ ನೋಡಿದ. ಮನೆಯ ಮಾಳಿಗೆ ಸೋರುತ್ತಿತ್ತು. ಮಳೆಗಾಲದ ಮೊದಲು ಅದರ ಮೇಲೆ ಹೊಸ ಮಣ್ಣಿನ ಮೇಲ್ಮುದ್ದೆ ಹಾಕಿಸಬೇಕಿತ್ತು. ಗೂಟದಲ್ಲಿ ಆಡಿನ ಹಗ್ಗ ಹಾಗೇ ನೇತಾಡುತ್ತಿತ್ತು. ಇದೊಂದೇ ಸುಗ್ಗಿ ಎಂದು ಅವನ ಮನಸ್ಸು ಹೇಳುತ್ತಿತ್ತೆಂಬುದು ಅವನ ಮುಖದಲ್ಲಿಯೇ ಕಾಣುತ್ತಿತ್ತು. ಗೋಡೆಯ ಗೂಡಿನಲ್ಲಿದ್ದ ಕೊಂಡಿಯ ಕಡೆಗೂ ಒಮ್ಮೆ ತಿರುಗಿದ.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಕೈಯೊರೆಸಿಕೊಂಡು, "ರೇಣೀ, ಕಿವಿ ಇಡು" ಎಂದಳು.

ಅಪ್ಪ ನನ್ನನ್ನು ತಡೆಯಲಿಲ್ಲ. ಕಿವಿಯಿಟ್ಟೆ. ಎಷ್ಟು ಹೊತ್ತಾದರೂ ಏನೂ ಕೇಳಿಸದೆ ನನಗೆ ಹೆದರಿಕೆಯಾಯಿತು. ಇನ್ನೂ ಒತ್ತಿ ಕೇಳಿದೆ. ಆಗ ಕೇಳಿಸಿತು. ಇಷ್ಟು ದಿನ ಆ ಗರ್ರ್ ಸಪ್ಪಳದ ಅಡಿಯಲ್ಲಿ ಮುಚ್ಚಿಹೋಗಿದ್ದದ್ದು.

"ಯವ್ವಾ, ಮಿಲ್ ಬಂದ್ ಆಗ್ಯದ" ಅಂದೆ. "ಒಳಗ ಯಾರೋ ರೊಟ್ಟಿ ಬಡಿಯಾಕತ್ತಾರ."

ಅವ್ವ ಗೋಡೆ ಹಿಡಿದುಕೊಂಡು ನಿಂತಲ್ಲೇ ಕೂತಳು. ಆಡು ಮಾರಿ ಬಂದ ದಿನ ಅಳದವಳು ಅವತ್ತು ಅತ್ತಳು. ಅಪ್ಪ ನನ್ನ ತಲೆಯನ್ನು ಎದೆಯಿಂದ ತೆಗೆಯದೆಯೇ ಇನ್ನೊಂದು ಕೈಯಿಂದ ನೋಟಿನ ಕಟ್ಟನ್ನು ಸರಿಸಿದ.

"ಶರಣಪ್ಪಣ್ಣ, ಈ ಮಿಲ್ ಬಂದ್ ಮಾಡಾಕ ನಾವು ಮೂರೂ ಮಂದಿ ಭಾಳ ದುಡದೀವಿ. ತಿರುಗಿ ಚಾಲೂ ಮಾಡಂಗಿಲ್ಲ. ಊಟಾ ಮಾಡಿ ಹೋಗು."

ಶರಣಪ್ಪ ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡ. ಹೋಗುವಾಗ ಚಪ್ಪಲಿ ಮೆಟ್ಟಿ, ಸ್ವಲ್ಪ ಕೆಮ್ಮಿ, "ನನ್ನ ಎದಿಗೂ ಒಮ್ಮೆ ಕಿವಿ ಇಡ್ತಿಯೇನವ್ವಾ?" ಎಂದು ನಗಲು ನೋಡಿದ. ನಮಗ್ಯಾರಿಗೂ ನಗು ಬರಲಿಲ್ಲ.

ಅಪ್ಪ ಆಮೇಲೆ ಬಹಳ ವರ್ಷ ಬದುಕಿದ. ನಾನು ಓದಿ, ಮಾಸ್ತರಿಣಿಯಾಗಿ ರಾಯಚೂರಿನಲ್ಲಿ ಮನೆ ಮಾಡಿದ್ದೇನೆ. ಈಗ ನಮ್ಮಲ್ಲಿ ರೊಟ್ಟಿ ಮಷಿನ್ನಿನಿಂದ ಬರುತ್ತದೆ, ಎಲ್ಲವೂ ಒಂದೇ ಅಳತೆ. ಯಾರಾದರೂ ಕೆಮ್ಮಿದರೆ ಆರೋಗ್ಯದ ಕಾರ್ಡು ತೆಗೆದುಕೊಂಡು ಹೋಗುತ್ತೇವೆ, ರಿಪೋರ್ಟು ಮೊಬೈಲಿಗೆ ಬರುತ್ತದೆ. ಅದು ಒಳ್ಳೆಯದೇ, ದೂರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಈಗ ಯಾರೂ ಯಾರ ಎದೆಗೂ ಕಿವಿಯಿಟ್ಟು ಕೇಳುವುದಿಲ್ಲ.

ಕಳೆದ ವರ್ಷ, ಮಧ್ಯಾಹ್ನ ಉಂಡು ಮಲಗಿದ ಅಪ್ಪ ಏಳಲಿಲ್ಲ. ನಾನು ಮಾನ್ವಿ ಮುಟ್ಟುವ ಹೊತ್ತಿಗೆ ಡಾಕ್ಟರು ನೋಡಿ ಹೋಗಿದ್ದರು, ಅಂಗಳದಲ್ಲಿ ಮಂದಿ ಸೇರಿದ್ದರು. ಅವ್ವನಿಗೆ ಈಗ ಕಿವಿ ಮಂದ. ಯಾರು ಏನು ಹೇಳಿದರೂ ನಂಬದೆ ಅಪ್ಪನ ಪಕ್ಕದಲ್ಲಿ ಕೂತಿದ್ದವಳು ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟಳು.

"ರೇಣೀ, ನೀ ಕಿವಿ ಇಡವ್ವಾ. ರೊಟ್ಟಿ ಸಪ್ಪಳ ಅದ ಏನು, ಹೇಳು."

ಕಿವಿಯಿಟ್ಟೆ. ಅವ್ವ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಳು. ನಾನು ತಲೆ ಎತ್ತಲಿಲ್ಲ.